ಅರ್ಧ ನೂಲು

ಮೂವತ್ತೊಂದು ವರ್ಷ ಮರದ ಕೆಲಸ ಮಾಡಿದ್ದೇನೆ
ಸೀಗೆಹಟ್ಟಿಯ ಈ ಓಣಿಯಲ್ಲಿ.
ಬಾಗಿಲು, ಮಂಚ, ಒಮ್ಮೊಮ್ಮೆ ಮೆಟ್ಟಿಲ ಕಟಕಟೆ.
ಮೊಮ್ಮಕ್ಕಳ ಕಾಲಕ್ಕೂ ಬಾಳಬೇಕು ಆಚಾರ್ರೇ
ಎಂದೇ ಎಲ್ಲರೂ ಮುಂಗಡ ಕೊಡುವುದು.

ಆರು ತಿಂಗಳು ಬಾಳಿದರೆ ಸಾಕು ಅಂದವರು ಒಬ್ಬರೇ,
ಜಿಲ್ಲಾ ಆಸ್ಪತ್ರೆಯ ಹಿಂಬದಿ ಕೋಣೆಯ ಫಿಲೋಮಿನಾ ಮೇಡಂ.
ರೆಕ್ಸಿನ್ ಹಾಸಿಗೆ, ಬಣ್ಣದ ದೊಡ್ಡ ಚೆಂಡು,
ತೆವಳುವವರ ಎತ್ತರಕ್ಕೆ ಗೋಡೆಗೆ ಬಡಿದ ಕನ್ನಡಿ.
ನೋಟ್‌ಪುಸ್ತಕದಲ್ಲಿ ಗೀಚಿ ತೋರಿಸಿದರು:
ಎರಡು ಹಲಗೆ, ಮೂಲೆಗೆ ಕೂಡಿಸಿ,
ಕೆಳಗೆ ಮಣೆ, ಮುಂದೊಂದು ತಟ್ಟೆ,
ತೊಡೆಗಳು ಕತ್ತರಿಯಾಗದಂತೆ ನಡುವೊಂದು ಗೂಟ.
ಕೂರಲಾರದ ಮಗು ಕೂರುವುದಕ್ಕೆ.

ಅಳತೆಗೆ ಬಂದವಳು ಊರಗಡೂರಿನ ಮುನೀಬಾ.
ಹದಿನಾಲ್ಕು ತಿಂಗಳು. ಕುತ್ತಿಗೆ ಇನ್ನೂ ನಿಂತಿರಲಿಲ್ಲ,
ಒದ್ದೆ ಬಟ್ಟೆಯ ಹಾಗೆ ಅಮ್ಮನ ತೋಳ ಮೇಲೆ.
ಮನೇಲಿ ಹಿರಿಯರು ಅಂತಾರೆ, ಎಂದಳು ಆಕೆ,
ಇವಳಪ್ಪನೂ ನಿಧಾನವೇ ಇದ್ದನಂತೆ, ಅವಸರ ಯಾಕೆ ಅಂತ.
ಸೀರೆಗೆ ಫಾಲ್ ಹೊಲಿಯುವವಳು; ಮೊಣಕೈಗೆ ದಾರ ಅಂಟಿತ್ತು.
ಮೇಡಂ ವಾದಿಸಲಿಲ್ಲ.
ಕ್ಯಾಲೆಂಡರಿನ ಮಂಗಳವಾರಗಳಿಗೆಲ್ಲ ಸುತ್ತು ಹಾಕಿದರು.

ನಾನು ಟೇಪು ಹಿಡಿದೆ.
ಕುಂಡಿಯಿಂದ ಮಂಡಿಗೆ ಏಳೂವರೆ ಇಂಚು.
ಮಂಡಿಯಿಂದ ಹಿಮ್ಮಡಿಗೆ ಆರೂಕಾಲು.
ಬೆನ್ನು ಅಳೆಯುವಾಗ ಅವಳು ಟೇಪಿನ ತುದಿ ಹಿಡಿದಳು,
ಬಿಡಲಿಲ್ಲ.
ಬಿಡಿಸಿಕೊಳ್ಳಬೇಡಿ, ಅಂದರು ಮೇಡಂ ಪಿಸುದನಿಯಲ್ಲಿ,
ಎಡಗೈ ಅದು.

ಟೇಪು ಅಲ್ಲೇ ಬಿಟ್ಟುಬಂದೆ.

ಮೊದಲ ಕುರ್ಚಿಗೆ ನಾನು ಮಾಡಿದ ತಪ್ಪು
ಐದು ಕೋಟು ಪಾಲಿಷು. ಮುಖ ಕಾಣುತ್ತಿತ್ತು ಅದರಲ್ಲಿ.
ಮಕ್ಕಳು ನೆಕ್ಕುತ್ತಾರೆ ಆಚಾರ್ರೇ.
ಮೂರು ಸಂಜೆ ಉಜ್ಜಿ ತೆಗೆದೆ, ಕೊಬ್ಬರಿ ಎಣ್ಣೆ ಹಚ್ಚಿದೆ.
ಹಲಸಿನ ಹಳದಿ ತಾನಾಗಿ ಮೇಲೆ ಬಂತು.

ಅಪ್ಪ ಉಳಿ ಮಸೆಯುತ್ತ ಹೇಳುತ್ತಿದ್ದ ಗಾದೆ:
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ.
ನನಗೆ ಏಟು ಬೀಳುತ್ತಿದ್ದದ್ದೂ ಅದೇ ಗಾದೆಯ ಮೇಲೆ.
ಅದನ್ನೇ ಮೇಡಂಗೆ ಹೇಳಿದೆ, ಜಾಣನ ಹಾಗೆ:
ಎಳವೆಯಲ್ಲೇ ಬಗ್ಗಿಸಬೇಕು, ಅದಕ್ಕೇ ಅಲ್ಲವೇ ಇದೆಲ್ಲ?
ಅವರು ಗೂಟದ ಅಂಚು ಬೆರಳಲ್ಲಿ ಸವರಿ
ಇಲ್ಲಿನ್ನೂ ಅರ್ಧ ನೂಲು ತೆಗೀರಿ, ಅಂದರು,
ಅವಳ ಕಾಲಿಗೆ ಒತ್ತುತ್ತೆ.
ತೆಗೆದೆ.
ಮನೆ ತಲುಪಿ ಕೈ ತೊಳೆಯುವಾಗ ಹೊಳೆಯಿತು,
ಆ ಕೋಣೆಯಲ್ಲಿ ಬಗ್ಗಬೇಕಾದ್ದು ಮರ.

ಕುರ್ಚಿಗಳು ವಾಪಸು ಬರುತ್ತವೆ.
ಬೇರೆ ಗಿರಾಕಿ ವಾಪಸು ತಂದರೆ ಎದೆ ಧಸಕ್ಕೆನ್ನುತ್ತದೆ,
ಇವು ಬಂದರೆ ಚಹಾ ತರಿಸುತ್ತೇನೆ.
ಹಿಂಬದಿ ಹಲಗೆ ಬಿಚ್ಚಿ, ಒಂದಿಂಚು ಏರಿಸಿ,
ಇನ್ನೊಬ್ಬರ ಹೆಸರಿಗೆ.

ಎಲ್ಲವೂ ಬರುವುದಿಲ್ಲ.
ಕೋಣಂದೂರಿನ ಕಡೆಗೆ ಹೋದದ್ದೊಂದು.
ಎರಡು ಬಸ್ಸು, ಒಂದು ದಿನದ ಕೂಲಿ, ತಾಯಿಗೆ ಮತ್ತೆ ಬಸಿರು.
ಅಂಗನವಾಡಿಯ ಸುಗುಣಮ್ಮ ಹೋಗಿ ನೋಡಿದರಂತೆ:
ಕುರ್ಚಿಯಲ್ಲಿ ಈರುಳ್ಳಿ,
ಮಗು ಚಾಪೆಯ ಮೇಲೆ, ಸೂರು ನೋಡುತ್ತ.
ಈರುಳ್ಳಿ ನೆಲಕ್ಕೆ ಸುರಿದು, ಮಗುವನ್ನು ಕೂರಿಸಿ,
ಅರ್ಧ ಗಂಟೆ ಎದುರಿಗೆ ಕೂತು ಚಮಚ ಬಡಿದು ಬಂದರು.
ಮಾರನೆಯ ದಿನದ್ದು ಗೊತ್ತಿಲ್ಲ.

ಮುನೀಬಾಳದು ನಿನ್ನೆ ಬಂತು, ಹತ್ತು ತಿಂಗಳಿಗೆ.
ಆಟೋದಲ್ಲಿ ಅಮ್ಮ, ಕುರ್ಚಿ, ಅವಳು.
ನಡೆಯುತ್ತಾಳೆ ಅಂದುಕೊಳ್ಳಬೇಡಿ. ಇಲ್ಲ.
ನೆಲದ ಮೇಲೆ ತಾನಾಗಿ ಕೂತಳು, ಮರದ ಪುಡಿ ಕೆದರುತ್ತ,
ಕೀಸುಳಿಯಿಂದ ಬಿದ್ದ ಸುರುಳಿಯೊಂದನ್ನು ಎಡಗೈಯಲ್ಲಿ ಎತ್ತಿ
ನನಗೆ ಕೊಟ್ಟಳು,
ಮತ್ತೆ ಕಿತ್ತುಕೊಂಡಳು.

ತಟ್ಟೆಯ ಅಂಚಿನಲ್ಲಿ ಹಲ್ಲಿನ ಗುರುತು,
ಮೇಲೆರಡು, ಕೆಳಗೆರಡು, ಚೆನ್ನಾಗಿ ಇಳಿದಿದೆ.
ಶುಕ್ರವಾರಕ್ಕೆ ಬೇರೆ ಮಗುವಿಗೆ ಅಣಿಯಾಗಬೇಕು.
ಉಪ್ಪುಕಾಗದ ಹಿಡಿದು ಇಡೀ ಕುರ್ಚಿ ಉಜ್ಜಿದೆ,
ಅಲ್ಲೊಂದಿಷ್ಟು ಬಿಟ್ಟು.